ಬಾಗಿಲಿಗೆ ಬಂದ ಬೆಕ್ಕು



ಅಕ್ಕಲಕೋಟೆ, ಜತ್ತ ಭಾಗದಲ್ಲಿ ನಾವು ಸಂಚಾರದಲ್ಲಿದ್ದಾಗ ಒಂದು ಊರಿನ ಪಾದಪೂಜೆಯ ಮನೆಯಲ್ಲಿ ಭಕ್ತರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅವರು ಅಡತಿ ವ್ಯಾಪಾರಸ್ಥರು. ಜೋಳ, ತೊಗರಿ, ಕಡಲೆಯ ಚೀಲಗಳ ನಡುವೆಯೇ ಅವರ ಬದುಕು. "ಅಪ್ಪಾರ, ನನ್ನ ಅಂಗಡ್ಯಾಗ ಎರಡ ವರ್ಷದ ಹಿಂದ ಒಂದು ಬೆಕ್ಕ ಬಂದು ಸೇರಿತ್ರಿ. ಈಗ ಒಂಬತ್ತ ಆಗ್ಯಾವ. ಕೊಲ್ಲಾಕ ಮನಸ್ಸ ಬರೂದಿಲ್ಲ, ಸಾಕಾಕ ಆಗೂದಿಲ್ಲ. ಚೀಲದಾಗ ಹಾಕಿ ಗಡಿ ಆಚೆ ಬಿಟ್ಟ ಬಂದ್ರ ಪಾಪ ಹತ್ತತೈತೇನ್ರಿ?" ಎಂದರು.

ಕೂಡಿದ್ದ ಜನರೆಲ್ಲ ನಕ್ಕರು. ಗುರುಗಳನ್ನು ಕೇಳಲು ಇವರಿಗೆ ಬೇರೆ ಪ್ರಶ್ನೆ ಸಿಗಲಿಲ್ಲವೆ ಎಂದು ಕೆಲವರು ಅಂದುಕೊಂಡಿರಬೇಕು. ನಮಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಚೀಲದ ಗಂಟು ನಮ್ಮ ಕೈಗೂ ಅಂಟಿದ್ದಿದೆ. ಅಂದು ಅಲ್ಲಿ ಹೇಳಿದ್ದನ್ನೂ ಸಮಯ ಸಾಲದೆ ಹೇಳಲಾಗದ್ದನ್ನೂ ಈ ಪತ್ರಿಕೆಯ ಮೂಲಕ ಎಲ್ಲ ಭಕ್ತರ ಮುಂದಿಡುತ್ತಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಮಠದ ಉಗ್ರಾಣದಲ್ಲಿ ಇಲಿಗಳ ಹಾವಳಿ ಬಹಳವಾಗಿತ್ತು. ದಾಸೋಹಕ್ಕೆಂದು ಭಕ್ತರು ತಂದು ಒಪ್ಪಿಸಿದ ಜೋಳದ ಚೀಲಗಳ ಬುಡವೆಲ್ಲ ತೂತು ಬಿದ್ದಿತ್ತು. ಒಂದು ಮಳೆಗಾಲದ ಸಂಜೆ, ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಹಿರಿಯ ತಾಯಿಯೊಬ್ಬರು ರಸ್ತೆಯ ಬದಿಯಲ್ಲಿ ನೆನೆದು ನಡುಗುತ್ತಿದ್ದ ಒಂದು ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು. ಅದು ಗಬ್ಬವಾಗಿತ್ತು. ನಾವೂ ಸಂತೋಷಪಟ್ಟೆವು. ಪೂಜೆ ಮುಗಿಸಿ ಬಂದು ನಮ್ಮ ಕೈಯಿಂದಲೇ ಹಾಲು ಹಾಕಿದೆವು. ಬಾಗಿಲಿಗೆ ಬಂದ ಜೀವಕ್ಕೆ ಆಶ್ರಯ ಕೊಟ್ಟೆವೆಂಬ ತೃಪ್ತಿ ನಮಗಿತ್ತು.

ಒಂದು ವರ್ಷ ಕಳೆಯುವುದರೊಳಗೆ ಬೆಕ್ಕುಗಳು ಹನ್ನೊಂದಾದವು. ಉಗ್ರಾಣದ ಜೋಳದ ಮೇಲೆ ಉಚ್ಚೆ ಹೊಯ್ದವು. ಪ್ರಸಾದದ ಹಾಲನ್ನು ಉರುಳಿಸಿದವು. ರಾತ್ರಿಯೆಲ್ಲ ಕಚ್ಚಾಡಿ ಕೂಗಿ, ಓದುವ ಹುಡುಗರ ನಿದ್ದೆ ಕೆಡಿಸಿದವು. ಮಠದ ಹಿರಿಯರು ಬಂದು ದೂರಿದರು. ನಾವು ಬೇರೆ ಕೆಲಸದಲ್ಲಿದ್ದೆವು. ತಲೆ ಎತ್ತದೆಯೇ "ಏನಾದರೂ ಒಂದು ವ್ಯವಸ್ಥೆ ಮಾಡಿರಿ" ಎಂದುಬಿಟ್ಟೆವು. ನಾವು ಆಡಿದ್ದು ಇಷ್ಟೇ ಮಾತು. ಮರುದಿನ ಇಬ್ಬರು ಹುಡುಗರು ಹನ್ನೊಂದನ್ನೂ ಗೋಣಿಚೀಲಗಳಲ್ಲಿ ಹಾಕಿ, ಕಾಳು ಇಳಿಸಿ ಮರಳುತ್ತಿದ್ದ ಗಾಡಿಯಲ್ಲಿಟ್ಟು, ಗಡಿಯಾಚೆಯ ಒಂದು ಸಂತೆಯ ಬಯಲಿನಲ್ಲಿ ಬಿಟ್ಟು ಬಂದರು.

ರೊಟ್ಟಿ ಬಡಿಯುವ ಆ ತಾಯಿ ಯಾರ ಮೇಲೂ ಸಿಟ್ಟಾಗಲಿಲ್ಲ. ನಾಲ್ಕನೆಯ ದಿನ ನಮ್ಮ ಮುಂದೆ ಬಂದು ನಿಂತು ಒಂದೇ ಮಾತು ಕೇಳಿದರು: "ಅಪ್ಪಾರ, ಅಲ್ಲಿ ಅವಕ್ಕ ಕರದ ಹಾಕಾವ್ರು ಯಾರ ಅದಾರ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದೇ ಆ ಹುಡುಗರನ್ನು ಅದೇ ಸಂತೆಗೆ ಕಳಿಸಿದೆವು, ಆ ತಾಯಿಯೂ ಜೊತೆಗೆ ಹೋದರು. ಅವರು ಕರೆದ ದನಿಗೆ ಆರು ಬಂದವು. ಉಳಿದ ಐದು ಸಿಗಲಿಲ್ಲ. ಎರಡು ಸಲ ಮತ್ತೆ ಕಳಿಸಿ ಹುಡುಕಿಸಿದರೂ ಸಿಗಲಿಲ್ಲ. ವ್ಯಾಪಾರಸ್ಥ ಭಕ್ತರಿಗೆ ಅವರ ಭಾಷೆಯಲ್ಲಿಯೇ ಹೇಳುವುದಾದರೆ, ಆ ಐದರ ಬಾಕಿ ನಮ್ಮ ಖಾತೆಯಲ್ಲಿ ಇಂದಿಗೂ ತೀರದೆ ಉಳಿದಿದೆ.

ಭಕ್ತರೇ, ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ. ಬೆಕ್ಕನ್ನು ಕೊಂದರೆ ಮಹಾಪಾಪ, ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೇ ಅದು ಕಳೆಯುತ್ತದೆ ಎಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೀರಿ. ಆ ಅಂಜಿಕೆಯಿಂದ ಯಾರೂ ಕೈಯಾರೆ ಬೆಕ್ಕನ್ನು ಕೊಲ್ಲುವುದಿಲ್ಲ, ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುತ್ತಾರೆ. ಆಮೇಲೆ ಅದು ಹಸಿದು ಸತ್ತರೆ, ನಾಯಿಗಳ ಬಾಯಿಗೆ ಬಿದ್ದರೆ, ಲಾರಿಯ ಗಾಲಿಗೆ ಸಿಕ್ಕರೆ, ಅದು ನಮ್ಮ ಕೈಯಿಂದ ಆದದ್ದಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ನಾವು ಗಾದೆ ಕಟ್ಟಿದ್ದೇವೆ. ಇಲ್ಲಿ ಕಣ್ಣು ಮುಚ್ಚಿದವರು ಯಾರು?

ಬೆಕ್ಕು ಮನುಷ್ಯನನ್ನು ನೆಚ್ಚಿರುವಷ್ಟೇ ತಾನಿರುವ ಜಾಗವನ್ನೂ ನೆಚ್ಚಿ ಬದುಕುವ ಪ್ರಾಣಿ. ಯಾವ ಗೋಡೆ ಹತ್ತಬೇಕು, ಯಾವ ಸಂದಿಯಲ್ಲಿ ಅಡಗಬೇಕು, ಯಾವ ಮನೆಯ ನಾಯಿ ಕೆಟ್ಟದ್ದು ಎಂಬುದೆಲ್ಲ ಅದಕ್ಕೆ ತನ್ನ ಓಣಿಯಲ್ಲಿ ಗೊತ್ತು. ಹೊಸ ಊರಿನಲ್ಲಿ ಬಿಟ್ಟರೆ ಅಲ್ಲಿನ ಬೆಕ್ಕುಗಳು ಅದನ್ನು ಹೊಡೆದು ಓಡಿಸುತ್ತವೆ. ಅದು ಹಳೆಯ ಮನೆಯ ದಾರಿ ಹುಡುಕುತ್ತ ಹೊರಡುತ್ತದೆ. ಬಹಳಷ್ಟು ಬೆಕ್ಕುಗಳು ಆ ದಾರಿಯಲ್ಲಿಯೇ ಮುಗಿಯುತ್ತವೆ. ಹಸಿವು ನೀರಡಿಕೆಗೆ ಈಡಾಗುವಂತೆ ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ನಮ್ಮ ದೇಶದ ಕಾನೂನಿನಲ್ಲಿಯೂ ಅಪರಾಧ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳಿದೆ. ಜೀವಿಗಳಲ್ಲಿ ಕರುಣೆ ತೋರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರಲ್ಲಿ ಸಂವಿಧಾನಕ್ಕೂ ಸೇರಿಸಲಾಗಿದೆ. ಬಸವಾದಿ ಶರಣರು ಎಂಟು ನೂರು ವರ್ಷಗಳಿಗೂ ಹಿಂದೆಯೇ ದಯೆಯನ್ನು ಧರ್ಮದ ತಳಹದಿಯಾಗಿ ಇಟ್ಟರು. ಅವರ ಹೆಸರು ಹೇಳುವ ನಾವು ಕಾನೂನಿಗೆ ಅಂಜಿ ಕರುಣೆ ತೋರುವಂತಾಗಬಾರದು.

ಸನ್ಯಾಸಿ ಮತ್ತು ಬೆಕ್ಕಿನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಒಬ್ಬ ಸನ್ಯಾಸಿಯ ಲಂಗೋಟಿಯನ್ನು ಇಲಿ ಕಡಿಯಿತು. ಇಲಿಗಾಗಿ ಬೆಕ್ಕು ತಂದ. ಬೆಕ್ಕಿನ ಹಾಲಿಗಾಗಿ ಆಕಳು ತಂದ. ಆಕಳಿನ ಮೇವಿಗೆ ಹೊಲ, ಹೊಲ ನೋಡಿಕೊಳ್ಳಲು ಹೆಂಡತಿ, ಹೀಗೆ ಸಂಸಾರ ಬೆಳೆಯಿತು. ಒಂದು ಸಣ್ಣ ಆಸೆಯಿಂದ ಎಷ್ಟು ದೊಡ್ಡ ಬಂಧನವಾಯಿತು ನೋಡಿರಿ ಎಂದು ಪ್ರವಚನಕಾರರು ಈ ಕಥೆ ಹೇಳುತ್ತಾರೆ. ನಾವೂ ಹಲವು ಸಲ ಹೇಳಿದ್ದೇವೆ. ಆ ಐದು ಬೆಕ್ಕುಗಳು ಕಳೆದುಹೋದ ಮೇಲೆ ಈ ಕಥೆಯನ್ನು ಬೇರೆ ಬಗೆಯಲ್ಲಿ ನೋಡತೊಡಗಿದೆವು. ಆ ಸನ್ಯಾಸಿ ತನ್ನ ಲಂಗೋಟಿಗಾಗಿ ಬೆಕ್ಕನ್ನು ತಂದನೇನೋ ನಿಜ. ಆದರೆ ತಂದ ಮೇಲೆ ಅದರ ಹೊಟ್ಟೆಯ ಚಿಂತೆ ಮಾಡಿದ. ಅದು ಅವನ ತಪ್ಪೆನ್ನಲು ನಮಗೆ ಈಗ ಬಾಯಿ ಬರುವುದಿಲ್ಲ. ಇಲಿ ಹಿಡಿಯುವವರೆಗೆ ಬೆಕ್ಕು ಬೇಕು, ಮರಿ ಹಾಕಿದ ಮೇಲೆ ಬೇಡ ಎನ್ನುವ ನಮಗಿಂತ ಅವನು ಮೇಲು.

ನಮ್ಮ ಧರ್ಮದಲ್ಲಿ ಕಾಯಕವಿದೆ, ದಾಸೋಹವಿದೆ. ಬೆಕ್ಕು ನಿಮ್ಮ ಕಣಜ ಕಾಯುತ್ತದೆ. ಇಲಿ ತಿನ್ನುವುದಕ್ಕಿಂತ ಹೆಚ್ಚಿನ ಕಾಳನ್ನು ತನ್ನ ಉಚ್ಚೆ ಹಿಕ್ಕೆಗಳಿಂದ ಕೆಡಿಸುತ್ತದೆಂಬುದು ರೈತರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ. ಹಾಗೆ ನೋಡಿದರೆ ಬೆಕ್ಕು ಕಾಯಕಜೀವಿ. ಕಾಯಕ ಮಾಡಿದವರಿಗೆ ಅನ್ನವಿಡುವುದು ಉಪಕಾರವಲ್ಲ, ಋಣ ತೀರಿಸುವುದು. ಇನ್ನು ದಾಸೋಹವೆಂದರೆ ಮಿಕ್ಕದ್ದನ್ನು ಎಸೆಯುವುದಲ್ಲ. ಇಂದು ಹಾಕಿದವನು ನಾಳೆಯೂ ಹಾಕಬೇಕು, ಉಣ್ಣುವವರ ಎಣಿಕೆ ಇಟ್ಟುಕೊಂಡಿರಬೇಕು. ನೂರು ಜನರಿಗೆ ಅಡುಗೆ ಮಾಡಿ ಸಾವಿರ ಜನರನ್ನು ಕರೆದರೆ ಅದು ದಾಸೋಹವಾಗುವುದಿಲ್ಲ, ಗದ್ದಲವಾಗುತ್ತದೆ. ನಮ್ಮ ಮಠದಲ್ಲಿ ಆದದ್ದೂ ಅದೇ. ಹಾಲು ಹಾಕುವ ದಯೆ ಇತ್ತು, ಮುಂದೇನೆಂದು ನೋಡುವ ನಿಯಮವಿರಲಿಲ್ಲ. ನಿಯಮವಿಲ್ಲದ ದಯೆ ಒಂದು ವರ್ಷದಲ್ಲಿ ಗೋಣಿಚೀಲಕ್ಕೆ ಬಂದು ಮುಟ್ಟಿತು. ನಾವು ಇಂದು ನಿಮಗೆ ಹೇಳಬೇಕೆಂದಿರುವುದರ ಸಾರ ಇಷ್ಟೇ: ದಯೆಗೆ ನಿಯಮ ಬೇಕು.

ಆ ನಿಯಮಗಳು ಯಾವುವೆಂದು ಪಶುವೈದ್ಯರನ್ನು ಕೇಳಿ, ನಾವೇ ಮಾಡಿ ತಿಳಿದುಕೊಂಡದ್ದನ್ನು ಹೇಳುತ್ತೇವೆ.

ಮೊದಲನೆಯದು ಎಣಿಕೆಯ ಮಾತು. ಹೆಣ್ಣು ಬೆಕ್ಕು ಹುಟ್ಟಿದ ಐದಾರು ತಿಂಗಳಿಗೇ, ಕೆಲವೊಮ್ಮೆ ಇನ್ನೂ ಮೊದಲೇ ಗಬ್ಬವಾಗಬಲ್ಲದು. ಗಬ್ಬದ ಅವಧಿ ಸುಮಾರು ಒಂಬತ್ತು ವಾರ, ಎಂದರೆ 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಮರಿಗಳು ಮೊಲೆ ಬಿಡುವ ಮೊದಲೇ ತಾಯಿ ಮತ್ತೆ ಗಬ್ಬವಾಗಬಹುದು. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ ಎಂದು ಹಿಡಿದರೂ ಒಂದು ಬೆಕ್ಕಿಗೆ ಎಂಟು ಮರಿ. ಅದರಲ್ಲಿ ನಾಲ್ಕು ಹೆಣ್ಣು. ತಾಯಿ ಸೇರಿ ಐದು. ಮರುವರ್ಷ ಆ ಐದೂ ಎಂಟೆಂಟು ಹಾಕಿದರೆ ನಲವತ್ತು. ಚಕ್ರಬಡ್ಡಿಯ ಲೆಕ್ಕ ಬಲ್ಲ ನಮ್ಮ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಜದಲ್ಲಿ ಅಷ್ಟು ಉಳಿಯುವುದಿಲ್ಲ. ಉಳಿಯದವು ಏನಾಗುತ್ತವೆ? ರೋಗಕ್ಕೆ, ಹಸಿವಿಗೆ, ನಾಯಿಗೆ, ಗಾಡಿಗೆ ಬಲಿಯಾಗುತ್ತವೆ. ಆ ಸಾವುಗಳನ್ನು ನಾವು ಎಣಿಸುವುದಿಲ್ಲ ಅಷ್ಟೆ.

ಇದಕ್ಕೆ ಇರುವ ದಾರಿ ಸಂತಾನಹರಣದ ಶಸ್ತ್ರಚಿಕಿತ್ಸೆ. ಜನರ ಬಾಯಲ್ಲಿ ಹೇಳುವುದಾದರೆ ಆಪರೇಷನ್ ಮಾಡಿಸುವುದು. ಐದು ಆರು ತಿಂಗಳ ವಯಸ್ಸಿಗೆ ಮಾಡಿಸಬಹುದು. ಮರಿ ಹಾಕಿದ ತಾಯಿಗಾದರೆ ಮರಿಗಳು ಮೊಲೆ ಬಿಟ್ಟ ಮೇಲೆ ಮಾಡಿಸಬೇಕು, ಅಲ್ಲಿಯವರೆಗೆ ಅದನ್ನು ಗಂಡು ಬೆಕ್ಕಿನಿಂದ ದೂರವಿಡಬೇಕು. ಎಲ್ಲ ದನದ ದವಾಖಾನೆಗಳಲ್ಲಿ ಈ ಸೌಕರ್ಯ ಇರುವುದಿಲ್ಲ. ತಾಲೂಕಿನಲ್ಲಿ ಇಲ್ಲದಿದ್ದರೆ ಪೇಟೆಗೆ ಹೋಗುವ ದಿನ ವಿಚಾರಿಸಿರಿ. ಗಂಡು ಬೆಕ್ಕಿಗೂ ಮಾಡಿಸುವುದು ಒಳ್ಳೆಯದು. ಅದರ ಅಲೆದಾಟ, ಕಚ್ಚಾಟ, ಗೋಡೆ ಚೀಲಗಳ ಮೇಲೆ ಉಚ್ಚೆ ಸಿಡಿಸುವ ಚಟ, ಎಲ್ಲವೂ ಕಡಿಮೆಯಾಗುತ್ತವೆ.

ಇಲ್ಲಿ ಒಬ್ಬ ಹಿರಿಯ ರೈತರು ನಮ್ಮನ್ನು ತಡೆದು ಕೇಳಿದರು: "ಅಪ್ಪಾರ, ದೇವರ ಕೊಡೂ ಜೀವಾ ತಡೀಲಾಕ ನಾವ್ಯಾರ್ರಿ?" ಪ್ರಶ್ನೆ ಪ್ರಾಮಾಣಿಕವಾದದ್ದು. ನಾವು ಅವರನ್ನೇ ಮರಳಿ ಕೇಳಿದೆವು: "ಗೌಡ್ರೆ, ನಿಮ್ಮ ಕೊಟ್ಟಿಗೆಯಲ್ಲಿರುವ ಎತ್ತುಗಳು ಹುಟ್ಟುವಾಗಲೇ ಎತ್ತಾಗಿದ್ದವೆ?" ಹೋರಿಯ ಬೀಜ ಒಡೆಸಿ ಎತ್ತು ಮಾಡುವುದು ನಮ್ಮ ಹಿರಿಯರ ಕಾಲದಿಂದ ಬಂದದ್ದು. ಅದನ್ನು ನಮ್ಮ ಹೊಲದ ಕೆಲಸಕ್ಕಾಗಿ ಮಾಡುತ್ತೇವೆ. ಇದನ್ನು ಆ ಬೆಕ್ಕಿನ ಮತ್ತು ಅದರ ಮರಿಗಳ ಹಿತಕ್ಕಾಗಿ ಮಾಡುತ್ತೇವೆ, ಅದೂ ವೈದ್ಯರಿಂದ, ಮದ್ದು ಕೊಟ್ಟು, ನೋವು ಕಾಣದಂತೆ. ಹುಟ್ಟಿಸಿ ಚೀಲದಲ್ಲಿ ಕಟ್ಟುವುದು ದೇವರ ಇಚ್ಛೆ, ಹುಟ್ಟದಂತೆ ನೋಡಿಕೊಳ್ಳುವುದು ಪಾಪ ಎನ್ನುವುದಾದರೆ ಅಂಥ ಧರ್ಮವನ್ನು ನಮ್ಮ ಶರಣರು ಹೇಳಿಲ್ಲ. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲ್ಲಿ ಮಾಡುತ್ತಾರೆಂದು ಕೇಳಿಕೊಂಡು ಹೋದರು.

ಎರಡನೆಯದು ಆಹಾರದ ಮಾತು. ಇದು ನಮ್ಮ ಮನೆಗಳಲ್ಲಿ ತೊಡಕಿನ ವಿಷಯ, ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ನಮ್ಮ ಅಡುಗೆಮನೆ ಶಾಕಾಹಾರದ್ದು. ಬೆಕ್ಕಿನ ಒಡಲು ಮಾಂಸಾಹಾರದ್ದು. ರೊಟ್ಟಿ ಹಾಲು, ಅನ್ನ ಹಾಲು ಹಾಕಿ ಬೆಕ್ಕು ಸಾಕಿದ್ದೇವೆ ಎನ್ನುವವರ ಬೆಕ್ಕು ಬದುಕಿರುವುದು ಆ ಹಾಲಿನಿಂದಲ್ಲ, ಅದು ಹೊರಗೆ ಹಿಡಿದು ತಿನ್ನುವ ಇಲಿಗಳಿಂದ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಬೆಕ್ಕಿನ ಕಣ್ಣು ಕೆಡುತ್ತದೆ, ಹೃದಯ ಕೆಡುತ್ತದೆ. ಇನ್ನು ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಹಾಲು ಅರಗುವುದೇ ಇಲ್ಲ, ಭೇದಿಯಾಗುತ್ತದೆ. ಅವಕ್ಕೆ ಸದಾ ಬೇಕಾದದ್ದು ಶುದ್ಧವಾದ ನೀರು.

ಹಾಗಾದರೆ ಏನು ಮಾಡಬೇಕು? ನಮ್ಮ ವ್ರತ ನಮಗೆ ಕಟ್ಟಿದ್ದು. ಮಾತು ಬಾರದ ಪ್ರಾಣಿಯ ಮೇಲೆ ಅದನ್ನು ಹೇರಿ, ಅದರ ಕಣ್ಣು ಕಳೆಯುವುದು ಅಹಿಂಸೆಯಾಗಲಾರದು. ಕಣಜವಿರುವ, ಇಲಿಗಳಿರುವ ಮನೆಯಲ್ಲಿ ಒಂದೆರಡು ಬೆಕ್ಕು ತಮ್ಮ ಆಹಾರದ ಒಂದು ಪಾಲನ್ನು ತಾವೇ ಹುಡುಕಿಕೊಳ್ಳುತ್ತವೆ. ಐದಾರು ಇದ್ದರೆ ಅಷ್ಟು ಇಲಿ ಎಲ್ಲಿಂದ ಬರಬೇಕು? ಈಗ ಪೇಟೆಯ ಅಂಗಡಿಗಳಲ್ಲಿ ಬೆಕ್ಕಿನ ಒಣ ಆಹಾರ ಚೀಲಗಳಲ್ಲಿ ಸಿಗುತ್ತದೆ. ಅದರಲ್ಲಿ ಮಾಂಸದ ಅಂಶವಿರುತ್ತದೆ, ಇಲ್ಲವೆಂದು ನಾವು ಸುಳ್ಳು ಹೇಳುವುದಿಲ್ಲ. ಅದನ್ನು ಮನೆಯಲ್ಲಿ ಬೇಯಿಸಬೇಕಾಗಿಲ್ಲ. ಕೊಟ್ಟಿಗೆಯಲ್ಲಿಯೋ ಗೋದಾಮಿನಲ್ಲಿಯೋ ಬೇರೆ ಡಬ್ಬಿಯಲ್ಲಿಟ್ಟು, ಬೇರೆ ತಟ್ಟೆಯಲ್ಲಿ ಹಾಕಿ, ಕೈ ತೊಳೆದುಕೊಂಡು ಒಳಗೆ ಬರಬಹುದು. ನಮ್ಮ ಮಠದಲ್ಲಿ ಉಗ್ರಾಣದ ಹಿಂದಿನ ಕಟ್ಟೆಯ ಮೇಲೆ ಹೀಗೆಯೇ ನಡೆದಿದೆ. ಇದು ನಮ್ಮ ಮನಸ್ಸಿಗೆ ಒಗ್ಗುವುದಿಲ್ಲ ಎನ್ನುವ ಭಕ್ತರ ಬಗ್ಗೆಯೂ ನಮಗೆ ಗೌರವವಿದೆ. ಅವರು ಬೆಕ್ಕನ್ನು ಮನೆಯೊಳಗೆ ಕಟ್ಟಿಹಾಕಿ ಸಾಕುವ ಗೋಜಿಗೆ ಹೋಗಬಾರದು. ಅದಕ್ಕೆ ಹೊಂದುವ ಆಹಾರ ಕೊಡಬಲ್ಲ ಮನೆಯೊಂದನ್ನು ಹುಡುಕಿಕೊಡಲಿ. ಅದೂ ದಯೆಯೇ.

ಮೂರನೆಯದು ಹಲವು ಬೆಕ್ಕುಗಳು ಕೂಡಿ ಬಾಳುವ ಮಾತು. ಅವಿಭಕ್ತ ಕುಟುಂಬಗಳಲ್ಲಿ ಬೆಳೆದ ನಿಮಗೆ ಇದು ಬೇಗ ತಿಳಿಯುತ್ತದೆ. ಹೊಸ ಸೊಸೆ ಬಂದ ದಿನವೇ ಅವಳ ಕೈಗೆ ಎಲ್ಲ ಬೀಗದ ಕೈ ಕೊಟ್ಟರೆ ಹಳಬರು ಸುಮ್ಮನಿರುತ್ತಾರೆಯೆ? ಬೆಕ್ಕಿನ ವಿಷಯವೂ ಹಾಗೆಯೇ. ಬೀದಿಯಿಂದ ತಂದ ಬೆಕ್ಕನ್ನು ನೇರವಾಗಿ ಹಳೆಯ ಬೆಕ್ಕುಗಳ ನಡುವೆ ಬಿಡಬಾರದು. ಎರಡು ವಾರ ಬೇರೆ ಕೋಣೆಯಲ್ಲಿಡಬೇಕು. ರೋಗವಿದ್ದರೆ ಆ ಅವಧಿಯಲ್ಲಿ ಬಹುಮಟ್ಟಿಗೆ ಹೊರಬೀಳುತ್ತದೆ. ಅದು ಮಲಗಿದ ಬಟ್ಟೆಯನ್ನು ಹಳೆಯ ಬೆಕ್ಕುಗಳ ಬಳಿ, ಅವುಗಳ ಬಟ್ಟೆಯನ್ನು ಇದರ ಬಳಿ ಇಟ್ಟು ವಾಸನೆ ರೂಢಿಯಾಗುವಂತೆ ಮಾಡಬೇಕು. ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಆಹಾರ ಹಾಕಬೇಕು. ಆಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಎದುರಾಬದುರು ಬಿಟ್ಟು ನೋಡಬೇಕು. ಗುರುಗುಟ್ಟಿದರೆ ಹೊಡೆಯಬಾರದು, ಮತ್ತೆ ಬೇರೆ ಮಾಡಿ ಕೆಲವು ದಿನ ತಾಳಬೇಕು.

ಒಂದೇ ತಟ್ಟೆಯಲ್ಲಿ ಎಲ್ಲಕ್ಕೂ ಹಾಕಿದರೆ ಬಲವಾದದ್ದು ತಿನ್ನುತ್ತದೆ, ಬಡವಾದದ್ದು ಬಡವಾಗುತ್ತದೆ. ಪ್ರತಿಯೊಂದಕ್ಕೂ ಬೇರೆ ತಟ್ಟೆ, ತಟ್ಟೆಗಳ ನಡುವೆ ಅಂತರ ಇರಲಿ. ಜೋಳದ ಮೇಲೆ ಹೊಲಸು ಮಾಡುತ್ತವೆಂದು ದೂರುವವರು ಅವಕ್ಕೆ ಬೇರೆ ಜಾಗ ಕೊಟ್ಟಿದ್ದೇವೆಯೆ ಎಂದು ಕೇಳಿಕೊಳ್ಳಬೇಕು. ಅಗಲವಾದ ಬಾನಿಯಲ್ಲಿ ಅಥವಾ ತಗಡಿನ ಟ್ರೇಯಲ್ಲಿ ಒಣ ಉಸುಕು ಹಾಕಿ, ಉಣ್ಣುವ ಜಾಗದಿಂದ ದೂರ, ಮರೆಯಿರುವಲ್ಲಿ ಇಡಿರಿ. ಎಷ್ಟು ಬೆಕ್ಕುಗಳಿವೆಯೋ ಅದಕ್ಕಿಂತ ಒಂದು ಹೆಚ್ಚು ಇರಲಿ. ದಿನಾಲು ಹೊಲಸು ತೆಗೆಯಬೇಕು. ಹೊಲಸಾದ ಉಸುಕನ್ನು ಬೆಕ್ಕು ಮುಟ್ಟುವುದಿಲ್ಲ, ಮತ್ತೆ ಚೀಲದ ಕಡೆಗೇ ಹೋಗುತ್ತದೆ. ಕಾಳಿನ ಕೋಣೆಗೆ ಜಾಲರಿಯ ಬಾಗಿಲು ಹಾಕಿಸಿರಿ. ಅಂಜಿದ ಬೆಕ್ಕಿಗೆ ಏರಿ ಕೂರಲು ಅಟ್ಟವೋ ಎತ್ತರದ ಹಲಗೆಯೋ ಇರಲಿ. ಇಷ್ಟು ಮಾಡಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಮನುಷ್ಯರನ್ನು ಕಂಡರೆ ಓಡುವ, ಬೀದಿಯಲ್ಲಿಯೇ ಬೆಳೆದ ದೊಡ್ಡ ಬೆಕ್ಕನ್ನು ಬಲವಂತದಿಂದ ಮನೆಯೊಳಗೆ ಕೂಡಿಹಾಕಬೇಡಿರಿ. ಅದಕ್ಕೆ ಕೊಟ್ಟಿಗೆಯೇ ಮನೆ. ಆಪರೇಷನ್ ಮಾಡಿಸಿ ಅದರ ಜಾಗದಲ್ಲಿಯೇ ಬಿಟ್ಟು, ಗೊತ್ತಾದ ಹೊತ್ತಿಗೆ ಆಹಾರ ನೀರು ಇಟ್ಟರೆ ಸಾಕು. ಮರಿಗಳನ್ನು ಕೊಡುವುದಿದ್ದರೆ ಎರಡು ತಿಂಗಳಾದರೂ ತಾಯಿಯ ಬಳಿ ಇರಲಿ. ಕೊಡುವಾಗ ಕೇಳಿಕೊಂಡು ಬಂದವರಿಗೆ, ಮನೆ ನೋಡಿ ಕೊಡಿರಿ. ಹೆಣ್ಣು ಕೊಡುವಾಗ ಮನೆತನ ವಿಚಾರಿಸುವ ನಾವು ಇಲ್ಲಿಯೂ ಎರಡು ಮಾತು ವಿಚಾರಿಸಿದರೆ ತಪ್ಪಿಲ್ಲ.

ನಾಲ್ಕನೆಯದು ಆರೋಗ್ಯದ ಮಾತು. ವಾಂತಿ ಭೇದಿ ಹತ್ತಿ ಕೆಲವೇ ದಿನಗಳಲ್ಲಿ ಒಂದು ಸೂಲಿನ ಮರಿಗಳನ್ನೆಲ್ಲ ಒಯ್ಯುವ ಒಂದು ರೋಗವಿದೆ. ವೈದ್ಯರು ಅದನ್ನು ಪ್ಯಾನ್‌ಲ್ಯುಕೊಪೀನಿಯಾ ಎನ್ನುತ್ತಾರೆ. ಎರಡು ತಿಂಗಳಾದ ಮರಿಗೆ ಅದರ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ, ಎಂದರೆ ರೇಬೀಸ್ ಲಸಿಕೆ ಹಾಕಿಸಬೇಕು, ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆಂದು ತಿಳಿಯಬೇಡಿರಿ, ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ದವಾಖಾನೆಗೆ ಹೋಗಿರಿ. ಸುಣ್ಣ, ಖಾರದ ಪುಡಿ ಹಚ್ಚಿ ಕೂರಬೇಡಿರಿ. ಈ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದರೂ ನಡೆಯುತ್ತದೆ. ಈ ಒಂದು ಮಾತಿನಲ್ಲಿ ಆಲಸ್ಯ ಸಲ್ಲದು.

ಮಗಳು ಬಾಣಂತನಕ್ಕೆ ತವರಿಗೆ ಬಂದಳೆಂದು ಬೆಕ್ಕನ್ನು ಹೊರಗೆ ಹಾಕುವವರಿದ್ದಾರೆ. ಬೆಕ್ಕಿನ ಹೇಲಿನಿಂದ ಗರ್ಭಿಣಿಯರಿಗೆ ತೊಂದರೆ ಕೊಡುವ ಒಂದು ಸೂಕ್ಷ್ಮಜೀವಿ ಹರಡಬಹುದೆಂಬುದು ನಿಜ. ಅದು ಸೋಂಕುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಆದ್ದರಿಂದ ಉಸುಕಿನ ಬಾನಿಯನ್ನು ಗರ್ಭಿಣಿಯ ಬದಲು ಬೇರೆಯವರು ದಿನಾಲು ತಪ್ಪದೆ ಶುಚಿ ಮಾಡಲಿ, ಕಾಯಿಪಲ್ಲೆ ಚೆನ್ನಾಗಿ ತೊಳೆಯಲಿ, ಎಲ್ಲರೂ ಕೈ ತೊಳೆಯಲಿ. ಅಷ್ಟರಿಂದ ಕೆಲಸವಾಗುವಾಗ ಬೆಕ್ಕನ್ನು ಬೀದಿಗೆ ಹಾಕುವ ಕಾರಣವಿಲ್ಲ.

ವಿಷದ ವಿಚಾರದಲ್ಲಿ ರೈತರು, ವ್ಯಾಪಾರಸ್ಥರು ವಿಶೇಷ ಎಚ್ಚರ ವಹಿಸಬೇಕು. ಬೆಕ್ಕನ್ನೂ ಸಾಕಿ, ಇಲಿ ಪಾಷಾಣವನ್ನೂ ಇಟ್ಟರೆ ವಿಷ ತಿಂದ ಇಲಿಯನ್ನು ತಿಂದು ಬೆಕ್ಕು ಸಾಯಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿರಿ. ಕಾಳಿಗೆ ಹುಳ ಬೀಳದಂತೆ ಇಡುವ ಗುಳಿಗೆಯ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ, ಬೆಕ್ಕನ್ನೂ ಕೊಲ್ಲುತ್ತದೆ. ಅದನ್ನು ಇಟ್ಟು ಮುಚ್ಚುವ ಮೊದಲು ಗೋದಾಮಿನಲ್ಲಿ ಬೆಕ್ಕು ಮರಿ ಅಡಗಿದೆಯೆ ಎಂದು ನೋಡಿರಿ. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ವಿಷ. ಕನಿಕರದಿಂದ ಕೊಟ್ಟ ಅರ್ಧ ಗುಳಿಗೆಯೂ ಅದರ ಪ್ರಾಣ ತೆಗೆಯಬಲ್ಲದು.

ಇನ್ನೊಂದು ಮಾತು. ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸಿ ನೀರು ಕುಡಿದು ಹೊರಡುವವರು ನಮ್ಮ ಭಕ್ತರಲ್ಲಿಯೂ ಇದ್ದಾರೆ. ಕರಿ ಬೆಕ್ಕಾದರೆ ಮನೆಗೇ ಮರಳುವವರಿದ್ದಾರೆ. ಶಕುನ, ಮುಹೂರ್ತಗಳನ್ನು ನೆಚ್ಚಬೇಡಿ ಎಂದು ಶರಣರು ಹೇಳಿದರು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವರಿಗೆ ಒಂದು ಬಡ ಬೆಕ್ಕಿನ ಅಂಜಿಕೆಯೆ? ಬೆಕ್ಕು ಅಡ್ಡ ಬಂದಾಗ ಗಾಡಿ ನಿಲ್ಲಿಸಬೇಕಾದ ಕಾರಣ ಒಂದೇ, ಅದು ಗಾಲಿಗೆ ಸಿಗಬಾರದು. ಅದು ದಾಟಿದ ಮೇಲೆ ನೀವು ಧೈರ್ಯವಾಗಿ ಹೋಗಿ ನಿಮ್ಮ ಕೆಲಸ ಮಾಡಿಕೊಳ್ಳಿರಿ.

ಎಲ್ಲರೂ ಬೆಕ್ಕು ಸಾಕಲೇಬೇಕೆಂದು ನಾವು ಹೇಳುವುದಿಲ್ಲ. ಹತ್ತು ಸಾಕಿದವನು ದೊಡ್ಡ ಭಕ್ತ, ಒಂದು ಸಾಕಿದವನು ಸಣ್ಣ ಭಕ್ತ ಎಂಬುದೂ ಇಲ್ಲ. ನಿಮ್ಮ ಮನೆಗೆ, ನಿಮ್ಮ ಗಂಟಿಗೆ, ಮನೆಯ ಹೆಣ್ಣುಮಕ್ಕಳ ಕೈಗೆ ಎಷ್ಟು ನೀಗುತ್ತದೆಯೋ ಅಷ್ಟೇ ಇರಲಿ. ಹೊಲಸು ತೆಗೆಯುವ ಕೆಲಸವೆಲ್ಲ ಸೊಸೆಯದು, ಪುಣ್ಯವೆಲ್ಲ ಮಾವನದು ಎನ್ನುವ ದಯೆ ನಮಗೆ ಬೇಡ. ಒಂದು ಮನೆಗೆ ಆಗದ್ದು ಓಣಿಗೆ ಆಗುತ್ತದೆ. ಪೇಟೆಯಲ್ಲಿ ಹತ್ತು ಅಡತಿ ಅಂಗಡಿಗಳವರು ಕೂಡಿ ತಲಾ ಸ್ವಲ್ಪ ಹಾಕಿ ಅಲ್ಲಿರುವ ಬೆಕ್ಕುಗಳಿಗೆಲ್ಲ ಆಪರೇಷನ್ ಮಾಡಿಸಿದರೆ ಎಲ್ಲರ ಕಾಳೂ ಉಳಿಯುತ್ತದೆ, ಯಾರ ಕೈಗೂ ಚೀಲ ಬರುವುದಿಲ್ಲ.

ನಮ್ಮ ಮಠಕ್ಕೆ ಮರಳಿ ಬಂದ ಆರರಲ್ಲಿ ಎರಡನ್ನು ಒಕ್ಕಲುತನದ ಒಂದು ಮನೆಗೆ ಕೊಟ್ಟೆವು. ಉಳಿದ ನಾಲ್ಕು ಮಠದಲ್ಲಿಯೇ ಇವೆ. ಎಲ್ಲಕ್ಕೂ ಆಪರೇಷನ್ ಆಗಿದೆ. ನಾಲ್ಕು ನಾಲ್ಕಾಗಿಯೇ ಉಳಿದಿವೆ. ಉಗ್ರಾಣದಲ್ಲಿ ಇಲಿ ಕಡಿಮೆಯಾಗಿದೆ, ಜೋಳ ಚೊಕ್ಕಟವಾಗಿದೆ. ಉಸುಕಿನ ಬಾನಿ ಶುಚಿ ಮಾಡುವವರು ಯಾರೆಂದರೆ ಅಂದು ಚೀಲ ಕಟ್ಟಿದ ಆ ಇಬ್ಬರು ಹುಡುಗರೇ. ಅವರಿಗೆ ಯಾರೂ ಹೇಳಲಿಲ್ಲ. ವಾರಕ್ಕೊಂದು ದಿನ ಆ ಪಾಳಿ ನಮ್ಮದು. ಚೀಲ ಕಟ್ಟಿದ್ದು ಅವರಾದರೂ ಮಾತು ನಮ್ಮದಾಗಿತ್ತಲ್ಲ.

ಗಡಿಯಲ್ಲಿ ಬಾಳುವ ಭಕ್ತರೇ, ನಕಾಶೆಯ ಮೇಲಿನ ಗೆರೆ ನಿಮ್ಮ ಬದುಕಿನ ನಡುವೆ ಹಾದುಹೋಗಿದೆ. ಹೊಲ ಒಂದು ಕಡೆ, ಬೀಗರ ಮನೆ ಇನ್ನೊಂದು ಕಡೆ. ಆಚೆಯವರು ನಮ್ಮನ್ನು ಈಚೆಯವರೆನ್ನುತ್ತಾರೆ, ಈಚೆಯವರು ಆಚೆಯವರೆನ್ನುತ್ತಾರೆ ಎಂಬ ನೋವನ್ನು ನೀವು ನಮ್ಮ ಮುಂದೆ ಎಷ್ಟೋ ಸಲ ತೋಡಿಕೊಂಡಿದ್ದೀರಿ. ಆ ನೋವು ತಿಳಿದ ನಾವೇ ಒಂದು ಜೀವವನ್ನು ಚೀಲದಲ್ಲಿ ಕಟ್ಟಿ, ಗಡಿ ದಾಟಿಸಿ, ಇನ್ನು ಇದು ನಮ್ಮದಲ್ಲ ಎನ್ನಬಹುದೆ? ಇಲ್ಲಿಯವರು ಅಲ್ಲಿ ಬಿಡುತ್ತಾರೆ, ಅಲ್ಲಿಯವರು ಇಲ್ಲಿ ಬಿಡುತ್ತಾರೆ. ಗೆರೆಯ ಎರಡೂ ಬದಿಗೆ ಹಸಿದ ಬೆಕ್ಕುಗಳು ಅಷ್ಟೇ ಇರುತ್ತವೆ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆ ಎನಿಸಿದ್ದ ನಮ್ಮ ಸೊಲ್ಲಾಪುರದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದರು. ಆ ಕೆರೆಯ ನೀರಿಗೆ ಬರುವ ದನ, ಹಕ್ಕಿ, ನಾಯಿ, ಬೆಕ್ಕುಗಳನ್ನು ನಿಮ್ಮದು ಯಾವ ಊರೆಂದು ಕೇಳುವವರಿಲ್ಲ. ಆದರೆ ಕೆರೆಗೆ ಏರಿ ಇದೆ ಎಂಬುದನ್ನು ಮರೆಯಬೇಡಿರಿ. ಏರಿ ಕಟ್ಟದಿದ್ದರೆ ಬಂದ ನೀರೆಲ್ಲ ಹರಿದು ಊರನ್ನು ಕೆಡಿಸುತ್ತದೆ. ದಯೆ ನೀರಿನಂಥದು, ನಿಯಮ ಏರಿಯಂಥದು. ಎರಡೂ ಕೂಡಿದರೆ ಮಾತ್ರ ಬಾಯಾರಿದವರಿಗೆ ವರ್ಷವಿಡೀ ನೀರು ಸಿಗುತ್ತದೆ.

ಆ ದಿನ ಪ್ರಶ್ನೆ ಕೇಳಿದ ಭಕ್ತರಿಗೆ ನಾವು ಕೊಟ್ಟ ಉತ್ತರ ಇದು: ಪಾಪ ಹತ್ತುತ್ತದೆಯೋ ಇಲ್ಲವೋ ಎಂದು ನಮ್ಮನ್ನು ಕೇಳಬೇಡಿರಿ. ಚೀಲದ ಬಾಯಿ ಕಟ್ಟುವ ಮೊದಲು, ಅಲ್ಲಿ ಇವನ್ನು ಕರೆದು ಹಾಕುವವರು ಯಾರೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಒಂದು ಹೆಸರು ನೆನಪಿಗೆ ಬಂದರೆ, ಅವರ ಮನೆಗೆ ಹೋಗಿ ಕೇಳಿ, ಬುಟ್ಟಿಯಲ್ಲಿಟ್ಟು ಒಪ್ಪಿಸಿ ಬನ್ನಿರಿ. ಬಾರದಿದ್ದರೆ ಗಂಟು ಬಿಚ್ಚಿರಿ.

ಮಳೆ ಬೆಳೆ ಚೆನ್ನಾಗಿ ಆಗಲಿ, ಕಣಜ ತುಂಬಲಿ, ಅದನ್ನು ಕಾಯುವ ಜೀವವೂ ನಿಮ್ಮ ನೆರಳಿನಲ್ಲಿ ಸುಖವಾಗಿರಲಿ ಎಂದು ಹಾರೈಸುತ್ತೇವೆ.